ಮದ್ರಾಸ್ ವಿಷ್ಣುಮೂರ್ತಿಯ ಮಗಳು

ಮದ್ರಾಸಿನ ತ್ರಿಪ್ಲಿಕೇನಿನಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವವರ ಕಿವಿಗೆ ದಿನವೂ ಬೀಳುವ ಪ್ರಶ್ನೆ ಒಂದೇ: "ನಿಮಗೆ ಯಾವ ಊರು?" ವಿಷ್ಣುಮೂರ್ತಿಯವರ ಉತ್ತರವೂ ಒಂದೇ: "ಕುಂದಾಪುರದ ಹತ್ತಿರ." ಹುಡುಗನಾಗಿದ್ದಾಗ ಮದ್ರಾಸಿಗೆ ಬಂದವರು ಅವರು. ಮದುವೆಯಾಗಿ ಬೇಬಿಯನ್ನು ಕರೆತಂದದ್ದು ಇಲ್ಲಿಗೇ. ಮಗಳು ವೀಕ್ಷಾ ಎಲ್‌ಕೆಜಿಯಿಂದ ಕಾಲೇಜಿನವರೆಗೆ ಓದಿದ್ದೂ ಇಲ್ಲೇ. ಆದರೂ ಮನೆಯ ರೇಷನ್ ಕಾರ್ಡು ಊರಿನಲ್ಲಿ, ವೋಟು ಊರಿನಲ್ಲಿ, ಮಗಳ ಆಧಾರ್ ಕಾರ್ಡಿನ ವಿಳಾಸವೂ ಊರಿನದೇ. ಇಲ್ಲಿ ಇರುವುದು ಹೋಟೆಲು, ಅದರ ಮೇಲಿನ ಎರಡು ಕೋಣೆ, ಮತ್ತು "ಇನ್ನೆರಡು ವರ್ಷ, ಆಮೇಲೆ ಊರಿಗೆ ಹೋಗಿಬಿಡುವುದು" ಎಂಬ ಮಾತು. ಆ ಮಾತು ಹುಟ್ಟಿದಾಗ ವೀಕ್ಷಾ ಇನ್ನೂ ಹುಟ್ಟಿರಲಿಲ್ಲ.

ಈಗ ಆ ವೀಕ್ಷಾ ಸೈನ್ಯಕ್ಕೆ ಸೇರುತ್ತೇನೆ ಎಂದು ಹಟ ಹಿಡಿದಿದ್ದಳು. ಹೆಣ್ಣುಮಕ್ಕಳನ್ನು ಮಿಲಿಟರಿ ಪೊಲೀಸ್ ವಿಭಾಗಕ್ಕೆ ಅಗ್ನಿವೀರರಾಗಿ ತೆಗೆದುಕೊಳ್ಳುವ ಪ್ರಕಟಣೆ ಬಂದಿತ್ತು. ಅವಳ ವಯಸ್ಸಿಗೆ ಇದೇ ಕಡೆಯ ಅವಕಾಶ. ಮುಂದಿನ ವರ್ಷ ಅರ್ಜಿ ಹಾಕಲು ಹೋದರೆ ವಯಸ್ಸು ಮೀರಿರುತ್ತದೆ. ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದವಳು, ದಿನವೂ ಬೆಳಿಗ್ಗೆ ಮರೀನಾದಲ್ಲಿ ಓಡಿ ಬೆವರು ಸುರಿಸಿಕೊಂಡು ಬರುವವಳು. ಅವಳ ಆಸೆ ಹೋಟೆಲಿನ ಕಾಯಂ ಗಿರಾಕಿಗಳಿಗೆಲ್ಲ ಗೊತ್ತು.

ಮಗಳನ್ನು ಕಳಿಸಲು ವಿಷ್ಣುಮೂರ್ತಿಯವರು ಬೇಗ ಒಪ್ಪಿದರು. ಆದರೆ ಒಪ್ಪಿದ ಕೂಡಲೇ ಅವರು ಮಾಡಿದ ಕೆಲಸವೆಂದರೆ ಊರಿಗೆ ಫೋನು. ಅಲ್ಲಿ ಚಿಕ್ಕಪ್ಪನ ಮಗ ಸದಾನಂದ ಇದ್ದಾನೆ. ಹಲ್ಲು ನೋವಿಗೆ ಮಾತ್ರೆ ಯಾವುದು ಎಂಬುದನ್ನೂ ಸದಾನಂದನನ್ನು ಕೇಳಿಯೇ ತೀರ್ಮಾನಿಸುವ ಮನುಷ್ಯ ಇವರು. ಸದಾನಂದ ಎಂದ: "ಊರಿನಿಂದಲೇ ಹಾಕು ಅಣ್ಣ. ಇಲ್ಲಿ ಒಬ್ಬರು ಇದ್ದಾರೆ, ವಾಸದ ಸರ್ಟಿಫಿಕೇಟ್ ಅವರೇ ಮಾಡಿಸಿ ಕೊಡ್ತಾರೆ. ನೀನು ತಲೆ ಬಿಸಿ ಮಾಡ್ಬೇಡ."

ತಲೆ ಬಿಸಿ ಮಾಡಿಕೊಂಡವಳು ಬೇಬಿ. ತಿಂಡಿಯ ಗದ್ದಲ ಮುಗಿದ ಹೊತ್ತಿಗೆ ನೀರಜಾ ಮೇಡಂ ಕಾಫಿಗೆ ಬಂದಾಗ ಅವಳು ಅಡುಗೆಮನೆಯಿಂದ ಎದ್ದು ಬಂದು ಎದುರಿಗೇ ಕುಳಿತಳು. ನೀರಜಾ ಸೈನ್ಯದ ಆಸ್ಪತ್ರೆಗಳಲ್ಲಿ ನರ್ಸಿಂಗ್ ಅಧಿಕಾರಿಯಾಗಿದ್ದು ಮೇಜರ್ ಆಗಿ ನಿವೃತ್ತರಾದವರು. ಅವರ ಮನೆತನ ಮುತ್ತಜ್ಜನ ಕಾಲದಿಂದ ತ್ರಿಪ್ಲಿಕೇನಿನಲ್ಲೇ ಇದೆ. ಅವರ ಕನ್ನಡದಲ್ಲಿ ಅರ್ಧ ತಮಿಳು.

"ಮೇಡಂ, ಅಲ್ಲಿ ಮಾಂಸ ತಿನ್ಲೇಬೇಕಂತೆ, ಹೌದಾ?" ಎಂದು ಬೇಬಿ ಶುರು ಮಾಡಿದಳು.

"ಯಾರು ಬಾಯಿಗೆ ತುರುಕ್ತಾರೆ? ಸಸ್ಯಾಹಾರಿಗಳಿಗೆ ಬೇರೆ ಅಡುಗೆ ಇರತ್ತೆ ಮಾ. ನಾನು ಸರ್ವಿಸ್ ಪೂರ್ತಿ ಹಾಗೇ ಕಳೆದೆ. ಆದ್ರೆ ದಿನಾ ದಾಲ್, ರೊಟ್ಟಿ. ನಿಮ್ಮ ಹೋಟೆಲ್ ಸಾಂಬಾರ್ ಸಿಗಲ್ಲ. ಅದಕ್ಕೆ ಬೇಕಾದ್ರೆ ಅಳ್ತಾಳೆ."

"ಹೆಣ್ಣು ಹುಡುಗಿ ಮೇಡಂ..."

"ನಾನು ಯಾರು ಹಾಗಾದ್ರೆ?"

ಬೇಬಿಗೆ ನಗು ಬಂತು. ಆದರೂ ಬಿಡಲಿಲ್ಲ. "ನಾಲ್ಕೇ ವರ್ಷ ಅಂತಲ್ಲ? ಆಮೇಲೆ ಎಂತ ಮಾಡುದು?"

ನೀರಜಾ ಲೋಟ ಕೆಳಗಿಟ್ಟರು. "ಇದು ಸರಿಯಾದ ಪ್ರಶ್ನೆ. ನಾಲ್ಕು ವರ್ಷ ಆದ ಮೇಲೆ ಎಲ್ಲರನ್ನೂ ಇಟ್ಕೊಳ್ಳಲ್ಲ. ನೂರು ಜನರಲ್ಲಿ ಹೆಚ್ಚಂದ್ರೆ ಇಪ್ಪತ್ತೈದು ಜನ ಅಂತ ಸದ್ಯದ ನಿಯಮ. ಉಳಿದವರಿಗೆ ಸೇವಾ ನಿಧಿ ಅಂತ ಒಂದು ಮೊತ್ತ ಕೊಟ್ಟು ಕಳಿಸ್ತಾರೆ. ಪಿಂಚಣಿ ಇಲ್ಲ. ಆ ನಾಲ್ಕು ವರ್ಷ ಮದುವೆಯೂ ಇಲ್ಲ. ಇದೆಲ್ಲ ತಿಳ್ಕೊಂಡೇ ಹೋಗಬೇಕು. ವೀಕ್ಷಾ, ನಿನಗೆ ಗೊತ್ತು ತಾನೇ?"

"ತೆರಿಯುಂ ಆಂಟಿ," ಎಂದಳು ವೀಕ್ಷಾ. ಗೊತ್ತಿದೆ ಎಂದು ಅವಳು ಹೇಳುವುದು ತಮಿಳಿನಲ್ಲೇ. "ಡಿಗ್ರಿ ಕರೆಸ್ಪಾಂಡೆನ್ಸ್‌ನಲ್ಲಿ ಮುಗಿಸ್ತೀನಿ. ಆಮೇಲೆ ಪೊಲೀಸ್ ಎಕ್ಸಾಮ್ ಬರೀತೀನಿ."

"ಸೆರಿ. ಈಗ ಅರ್ಹತೆ ನೋಡೋಣ. ನಾನು ಇದ್ದ ಕಾಲದ ನಿಯಮ ಈಗ ಇಲ್ಲ. ನನ್ನ ಮಾತು ನಂಬಬೇಡಿ, ಸೈನ್ಯದ ಸ್ವಂತ ವೆಬ್‌ಸೈಟ್ ತೆಗಿ."

ವೀಕ್ಷಾ ಫೋನಿನಲ್ಲಿ ತೆಗೆದಳು. ಹದಿನೇಳೂವರೆ ವರ್ಷ ತುಂಬಿರಬೇಕು, ಮೇಲಿನ ಮಿತಿ ಆ ವರ್ಷದ ಪ್ರಕಟಣೆಯಲ್ಲಿ ಇದ್ದಂತೆ. ಹತ್ತನೇ ತರಗತಿಯಲ್ಲಿ ಒಟ್ಟು ಶೇಕಡಾ ನಲವತ್ತೈದು, ಒಂದೊಂದು ವಿಷಯದಲ್ಲೂ ಮೂವತ್ತಮೂರು. ಹೆಣ್ಣುಮಕ್ಕಳಿಗೆ ಎತ್ತರ ನೂರ ಅರವತ್ತೆರಡು ಸೆಂಟಿಮೀಟರ್. ಬೇಬಿ ಎದ್ದು ಹೋಗಿ ಮಗಳನ್ನು ಅಕ್ಕಿಕೋಣೆಯ ಬಾಗಿಲಿಗೆ ನಿಲ್ಲಿಸಿ ಟೇಪು ಹಿಡಿದಳು. ನೂರ ಅರವತ್ತಾರು. "ಅಜ್ಜನ ಹಾಗೆ ಉದ್ದ ಇದ್ದಾಳೆ," ಎಂದು ಅವಳು ಹೇಳಿದ ದನಿಯಲ್ಲಿ ಬೇಡವೆಂದರೂ ಹೆಮ್ಮೆ ಇತ್ತು.

ಮೊದಲು ಕಂಪ್ಯೂಟರಿನಲ್ಲಿ ಪರೀಕ್ಷೆ. ಪ್ರಶ್ನೆಪತ್ರಿಕೆ ಕನ್ನಡ, ತಮಿಳು ಸೇರಿದಂತೆ ಹಲವು ಭಾಷೆಗಳಲ್ಲಿ ಸಿಗುತ್ತದೆ. ಅದರಲ್ಲಿ ಗೆದ್ದರೆ ಭರ್ತಿಯ ರ‍್ಯಾಲಿಗೆ ಕರೆ. ಅಲ್ಲಿ ಸಾವಿರದ ಆರುನೂರು ಮೀಟರ್ ಓಟ, ಉದ್ದ ಜಿಗಿತ, ಎತ್ತರ ಜಿಗಿತ, ಕೊನೆಗೆ ವೈದ್ಯಕೀಯ ಪರೀಕ್ಷೆ.

"ಹಲ್ಲು, ಕಿವಿ, ಕಣ್ಣು ಈಗಲೇ ತೋರಿಸ್ಕೋ," ಎಂದರು ನೀರಜಾ. "ಕಿವಿಯಲ್ಲಿ ಗುಗ್ಗೆ ತುಂಬ್ಕೊಂಡು ಬಂದು ವಾಪಸ್ ಹೋದವರನ್ನ ನಾನೇ ನೋಡಿದೀನಿ. ಹಚ್ಚೆಗಿಚ್ಚೆ ಇದೆಯಾ?"

"ಹೋದ ವರ್ಷ ಬೀಚ್‌ನಲ್ಲಿ ಕುತ್ತಿಗೆಗೆ ಹಾಕಿಸ್ಕೊಳ್ಳೋಕೆ ಹೋಗಿದ್ದೆ. ಅಮ್ಮ ಬಿಡ್ಲಿಲ್ಲ."

"ಅಮ್ಮನಿಗೆ ಕೈಮುಗಿ. ಮೊಣಕೈ ಕೆಳಗೆ ಒಳಭಾಗ, ಅಂಗೈ ಹಿಂದುಗಡೆ, ಅಷ್ಟಕ್ಕೇ ಸಾಮಾನ್ಯವಾಗಿ ಅನುಮತಿ. ಬೇರೆ ಕಡೆ ಇದ್ದರೆ ಕಷ್ಟ."

ಬೇಬಿ ಗಂಡನ ಕಡೆ ನೋಡಿ ಕತ್ತು ನೆಟ್ಟಗೆ ಮಾಡಿದಳು. ಅಂದು ಮಗಳ ಪರವಾಗಿ ಮಾತಾಡಿದ್ದ ವಿಷ್ಣುಮೂರ್ತಿಯವರು ಗಲ್ಲಾಪೆಟ್ಟಿಗೆಯನ್ನು ಒರೆಸತೊಡಗಿದರು.

ಅಷ್ಟರಲ್ಲಿ ವೀಕ್ಷಾ ಅರ್ಜಿಯ ಪುಟ ತೆರೆದು, "ಸ್ಟೇಟ್, ಡಿಸ್ಟ್ರಿಕ್ಟ್ ಕೇಳ್ತಿದೆ ಪಾ," ಎಂದಳು.

"ಕರ್ನಾಟಕ. ಉಡುಪಿ," ಎಂದರು ವಿಷ್ಣುಮೂರ್ತಿಯವರು, ಒರೆಸುತ್ತಲೇ.

"ಯಾಕೆ?" ಎಂದರು ನೀರಜಾ.

"ಯಾಕೆ ಅಂದ್ರೆ? ನಮ್ಮ ಊರು ಅಲ್ಲಿ ಅಲ್ವಾ ಮೇಡಂ?"

"ನಿಮ್ಮದು ಅಲ್ಲಿ. ಇವಳು ಅಲ್ಲಿ ಎಷ್ಟು ವರ್ಷ ಇದ್ದಳು? ನೋಡಿ ವಿಷ್ಣುಮೂರ್ತಿ, ಯಾವ ಜಿಲ್ಲೆಯ ನಿವಾಸಿಯೋ ಆ ಜಿಲ್ಲೆಯ ಭರ್ತಿ ಕಚೇರಿಗೇ ಅರ್ಜಿ ಹೋಗಬೇಕು. ಓದಿದ್ದೆಲ್ಲ ಚೆನ್ನೈಯಲ್ಲಿ, ಸರ್ಟಿಫಿಕೇಟ್ ಉಡುಪಿಯದು ಅಂದ್ರೆ ಯಾರಾದ್ರೂ ಕೇಳೇ ಕೇಳ್ತಾರೆ. ಸುಳ್ಳು ಅಂತ ಗೊತ್ತಾದ್ರೆ ಟ್ರೈನಿಂಗ್ ಮಧ್ಯದಲ್ಲೂ ಮನೆಗೆ ಕಳಿಸ್ತಾರೆ."

ವಿಷ್ಣುಮೂರ್ತಿಯವರ ಮುಖ ಕೆಂಪಾಯಿತು. "ಸುಳ್ಳು ಎಂತದು? ನನ್ನ ಅಪ್ಪ, ಅಜ್ಜ ಎಲ್ಲ ಅಲ್ಲಿಯವರು. ದೈವ, ದೇವರು ಎಲ್ಲ ಅಲ್ಲುಂಟು. ಇಲ್ಲಿ ನಮ್ಮನ್ನು ಯಾರು ಇಲ್ಲಿಯವರು ಅಂತ ಒಪ್ತಾರೆ ಮೇಡಂ? ಇಷ್ಟು ವರ್ಷ ಆಯ್ತು, ಬೀದಿಯವರಿಗೆ ನಾನು ಇವತ್ತಿಗೂ ಉಡುಪಿಕ್ಕಾರನೇ."

ಅವರ ಮನಸ್ಸಿನಲ್ಲಿದ್ದದ್ದು ಅದೇ. ಹೆದರಿಕೆ ಸೈನ್ಯದ್ದಲ್ಲ. ಇಷ್ಟು ವರ್ಷ ಇಡ್ಲಿ ಬಡಿಸಿದ ಊರಿನ ಕಚೇರಿಗೆ ಹೋಗಿ, ನನ್ನ ಮಗಳು ನಿಮ್ಮವಳು ಎಂದು ಹೇಳಿ, ಅವರು ಅಲ್ಲ ಎಂದುಬಿಟ್ಟರೆ? ಆ ಮಾತು ಕೇಳುವುದಕ್ಕಿಂತ ಸದಾನಂದನ ಸರ್ಟಿಫಿಕೇಟೇ ವಾಸಿ ಎಂದು ಅವರ ಮನಸ್ಸು ಮೊದಲೇ ತೀರ್ಮಾನಿಸಿತ್ತು.

"ವೆರಿಫಿಕೇಶನ್‌ಗೆ ಪೊಲೀಸರು ಆ ಊರಿಗೆ ಹೋದರೆ?" ಎಂದು ನೀರಜಾ ಮೆಲ್ಲಗೆ ಕೇಳಿದರು.

"ಹೋಗ್ಲಿ! ನಮ್ಮ ಮನೆ ಗೊತ್ತಿಲ್ಲದವರು ಯಾರಿದ್ದಾರೆ? ಈಗಲೇ ಕೇಳುವ, ಬೇಕಾದ್ರೆ." ವಿಷ್ಣುಮೂರ್ತಿಯವರು ಸದಾನಂದನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟರು. "ಸದಾ, ಒಂದು ಕೆಲಸ ಮಾಡು. ನಿನ್ನ ಹೆಂಡತಿಯನ್ನು ಕೇಳು. ಪೊಲೀಸರು ಬಂದು ವೀಕ್ಷಾ ಯಾರು, ಎಲ್ಲಿಯವಳು ಅಂದ್ರೆ ಎಂತ ಹೇಳ್ತಾಳೆ ಅಂತ."

ಸದಾನಂದ ಒಳಗೆ ಕೂಗಿ ಕೇಳಿದ್ದು ಕೇಳಿಸಿತು. ಒಳಗಿನಿಂದ ಅವನ ಹೆಂಡತಿ ತೃಪ್ತಿಯ ದನಿ ಸ್ಪಷ್ಟವಾಗಿ ಬಂತು: "ವೀಕ್ಷಾನಾ? ಮದ್ರಾಸ್ ವಿಷ್ಣು ಭಾವನ ಮಗಳಲ್ವಾ? ಅವಳು ಇಲ್ಲಿಯವಳು ಎಲ್ಲಿ? ಮದ್ರಾಸಿನವಳು. ಬೇಸಿಗೆ ರಜೆಗೆ ಬಂದು ಹೋಗುದು."

ಸದಾನಂದ ಗಡಿಬಿಡಿಯಲ್ಲಿ, "ಅಣ್ಣ, ಅವಳಿಗೆ ಗೊತ್ತಾಗ್ಲಿಲ್ಲ. ನಾನು ಹೇಳಿಕೊಟ್ಟು ಇಡ್ತೇನೆ," ಎಂದ.

ಅದಕ್ಕೆ ಉತ್ತರ ಕೊಟ್ಟವಳು ಬೇಬಿ. ಇಷ್ಟು ಹೊತ್ತೂ ಮಗಳು ಹೋಗುವುದೇ ಬೇಡ ಎನ್ನುತ್ತಿದ್ದವಳು ಫೋನಿನ ಕಡೆ ಬಗ್ಗಿ ಹೇಳಿದಳು: "ಎಂತದೂ ಹೇಳಿಕೊಡುದು ಬೇಡ ಸದಾನಂದ. ತೃಪ್ತಿ ಸರಿಯಾಗಿಯೇ ಹೇಳಿದ್ದಾಳೆ. ನನ್ನ ಮಗಳು ಹೋಗುದಾದ್ರೆ ಸತ್ಯ ಹೇಳಿ ಹೋಗ್ಲಿ. ಇಲ್ಲದಿದ್ರೆ ಇಲ್ಲೇ ದೋಸೆ ಹೊಯ್ಯಲಿ."

ವಿಷ್ಣುಮೂರ್ತಿಯವರು ಫೋನು ಎತ್ತಿ ಜೇಬಿಗೆ ಹಾಕಿಕೊಂಡರು. ಇಲ್ಲಿ ಉಡುಪಿಕ್ಕಾರ, ಅಲ್ಲಿ ಮದ್ರಾಸ್ ವಿಷ್ಣು. ಹಾಗೆ ತನ್ನನ್ನು ಕರೆಯುತ್ತಾರೆಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಕಿವಿಗೆ ಹಾಕಿಕೊಂಡಿರಲಿಲ್ಲ. ಅವರಿಗೆ ನೋವಾಯಿತು, ಜೊತೆಗೆ ಮಗಳ ಮುಖ ನೋಡಿ ಹೆದರಿಕೆಯೂ ಆಯಿತು. ಅವಳ ಕಣ್ಣು ತುಂಬಿತ್ತು. ತನ್ನ ಒಂದು ಹಟದಿಂದ ಅವಳ ಕಡೆಯ ಅವಕಾಶ ಹಾಳಾಗುತ್ತಿತ್ತಲ್ಲ!

"ಊರನ್ನ ಬಿಡಿ ಅಂತ ಯಾರೂ ಹೇಳ್ತಿಲ್ಲ," ಎಂದರು ನೀರಜಾ. "ನಿಮ್ಮ ದೈವ ಅಲ್ಲೇ ಇರಲಿ. ಮಗು ಎಲ್ಲಿ ಬೆಳೆದಳೋ ಅದನ್ನ ಹೇಳಿ. ಮೊದಲು ಆಧಾರ್ ವಿಳಾಸ ಬದಲಾಯಿಸಿ. ಆಮೇಲೆ ಸರ್ಕಾರದ ಇ-ಸೇವೈ ಕೇಂದ್ರದಲ್ಲಿ ನಿವಾಸದ ಸರ್ಟಿಫಿಕೇಟ್‌ಗೆ ಅರ್ಜಿ ಹಾಕಿ. ಸ್ಕೂಲ್ ದಾಖಲೆ ಎಲ್ಲ ಇಲ್ಲೇ ಇದೆಯಲ್ಲ. ಕೊಡೋದು ಬಿಡೋದು ತಹಸೀಲ್ದಾರ್ ಕೆಲಸ. ಕೇಳೋದಕ್ಕೆ ಮುಂಚೆ ಇಲ್ಲ ಅನ್ನಿಸ್ಕೊಂಡವರ ಹಾಗೆ ಯಾಕೆ ಕೂತ್ಕೋತೀರ?"

ಆ ವಾರವೇ ಓಡಾಟ ಶುರುವಾಯಿತು. ಊರಿನ ರೇಷನ್ ಕಾರ್ಡಿನಿಂದ ವೀಕ್ಷಾಳ ಹೆಸರು ತೆಗೆಸಲು ಸದಾನಂದನೇ ಓಡಾಡಿದ. ಅವನ ಮನಸ್ಸು ಒಳ್ಳೆಯದೇ. ವೀಕ್ಷಾ ಅರ್ಜಿಯಲ್ಲಿ ತಮಿಳುನಾಡು, ಚೆನ್ನೈ ಎಂದು ತುಂಬಿ ಗಡುವಿಗೆ ಮುಂಚೆಯೇ ಕಳಿಸಿದಳು. ಒಂದು ದಿನ ಕಂದಾಯ ಇಲಾಖೆಯ ಅಧಿಕಾರಿಯೊಬ್ಬರು ವಿಚಾರಣೆಗೆಂದು ಹೋಟೆಲಿಗೇ ಬಂದರು. ಶಾಲೆಯ ದಾಖಲೆ ನೋಡಿದರು, ಪಕ್ಕದ ಅಂಗಡಿಯವರನ್ನು ಕೇಳಿದರು. "ವೀಕ್ಷಾವಾ? ನಮ್ಮ ಪೊಣ್ಣು ಸಾರ್," ಎಂದ ಪಕ್ಕದ ಅಂಗಡಿಯವನು, ನಮ್ಮ ಹುಡುಗಿ ಎಂದು. ಒಳಗೆ ನಿಂತು ಕೇಳಿಸಿಕೊಂಡ ವಿಷ್ಣುಮೂರ್ತಿಯವರು ಗಲ್ಲಾಪೆಟ್ಟಿಗೆ ಬಿಟ್ಟು ಹೊರಗೆ ಬಂದರು.

ಅಧಿಕಾರಿ ಪೆನ್ನು ತೆಗೆದು ಇವರ ಕಡೆ ತಿರುಗಿದರು. "ಸೊಂದ ಊರು ಎದು ಸಾರ್?"

ಸ್ವಂತ ಊರು ಯಾವುದು ಎಂಬ ಅದೇ ಹಳೆಯ ಪ್ರಶ್ನೆ. ಬಾಯಲ್ಲಿ ಅದೇ ಹಳೆಯ ಉತ್ತರ ಬಂದು ನಿಂತಿತು.

"ನನ್ನದು ಕುಂದಾಪುರದ ಹತ್ತಿರ ಸಾರ್," ಎಂದು ತಮಿಳಿನಲ್ಲೇ ಹೇಳಿದರು ವಿಷ್ಣುಮೂರ್ತಿಯವರು. "ಮಗಳದ್ದು ಇದೇ. ತಿರುವಲ್ಲಿಕ್ಕೇಣಿ," ಎಂದು ತ್ರಿಪ್ಲಿಕೇನಿನ ತಮಿಳು ಹೆಸರನ್ನೇ ಹೇಳಿದರು.

ಸರ್ಟಿಫಿಕೇಟ್ ಬಂತು. ವೀಕ್ಷಾ ಪರೀಕ್ಷೆ ಬರೆದಳು, ಪಾಸಾದಳು. ರ‍್ಯಾಲಿಗೆ ಕರೆ ಬಂದಿದೆ. ಓಟದಲ್ಲಿ ಗೆಲ್ಲುತ್ತಾಳೋ, ಡಾಕ್ಟರು ಏನೆನ್ನುತ್ತಾರೋ ಇನ್ನೂ ಗೊತ್ತಿಲ್ಲ. ಸೋತರೆ ಓಟದಲ್ಲಿ ಸೋಲುತ್ತಾಳೆ, ಸುಳ್ಳಿನಿಂದಲ್ಲ. ಈಗ ಬೆಳಿಗ್ಗೆ ಮರೀನಾಕ್ಕೆ ಅವಳ ಜೊತೆ ಬೇಬಿ ಹೋಗುತ್ತಾಳೆ, ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದು ಕೈಯಲ್ಲಿ ಮೊಬೈಲಿನ ಗಡಿಯಾರ. "ಇವತ್ತು ನಿಧಾನ ಆಯ್ತು, ಇನ್ನೊಂದು ಸಲ ಓಡು," ಎಂದು ಗದರಿಸುವವಳೂ ಅವಳೇ.

ಹೊರಊರಿನಲ್ಲಿ ಬದುಕು ಕಟ್ಟಿಕೊಂಡ ತಂದೆತಾಯಿಯರೇ, ನಿಮ್ಮ ಮನೆಯ ಮಗನೋ ಮಗಳೋ ಸೈನ್ಯಕ್ಕೆ ಸೇರುತ್ತೇನೆ ಎಂದರೆ ಹೆದರಬೇಡಿ, ಅವಸರವನ್ನೂ ಮಾಡಬೇಡಿ. ಒಟ್ಟಿಗೆ ಕುಳಿತು ಸೈನ್ಯದ ಅಧಿಕೃತ ವೆಬ್‌ಸೈಟಿನಲ್ಲಿ ಈ ವರ್ಷದ ಪ್ರಕಟಣೆ ಓದಿ. ವಯಸ್ಸು, ಅಂಕ, ಎತ್ತರ ವರ್ಷದಿಂದ ವರ್ಷಕ್ಕೆ, ಹುದ್ದೆಯಿಂದ ಹುದ್ದೆಗೆ ಬದಲಾಗಬಹುದು. ಸಂದೇಹವಿದ್ದರೆ ಭರ್ತಿ ಕಚೇರಿಯನ್ನೇ ಕೇಳಿ. ನಾವು ಸೇರಿಸಿಕೊಡುತ್ತೇವೆ ಎನ್ನುವ ದಲ್ಲಾಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆಧಾರ್, ಶಾಲೆಯ ದಾಖಲೆ, ನಿವಾಸದ ಪ್ರಮಾಣಪತ್ರ ಒಂದಕ್ಕೊಂದು ಹೊಂದುತ್ತವೆಯೇ ಎಂದು ಇವತ್ತೇ ತೆಗೆದು ನೋಡಿ. ಮತ್ತೆ, ಅರ್ಜಿಯಲ್ಲಿ ಊರಿನ ಹೆಸರು ತುಂಬುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಮಗು ಎಲ್ಲಿಯದು ಎಂದು ಊರಿನಲ್ಲಿರುವ ನಿಮ್ಮ ನೆಂಟರನ್ನು ಕೇಳಿ. ಹೇಳಿಕೊಡದೆ ಅವರು ಏನು ಹೇಳುತ್ತಾರೋ ಅದನ್ನು ಕಿವಿಗೊಟ್ಟು ಕೇಳಿಸಿಕೊಳ್ಳಿ.