ಒಳಗೆ ದಾಟದ್ದು

“ಹೂಂ” ಎಂದು ಹೇಳಿಯೇ ಅಂಬಾದಾಸ ಮನೆಯಿಂದ ಹೊರಬಿದ್ದಿದ್ದ. ಯಾವುದಕ್ಕೆ ಹೂಂಗುಟ್ಟಿದೆ ಎಂಬುದು ಸ್ಕೂಟರು ಪುಣೆಯ ಸದಾಶಿವ ಪೇಠ ಮುಟ್ಟುವಷ್ಟರಲ್ಲಿ ಮರೆತುಹೋಗಿತ್ತು. ಹೆಂಡತಿ ಶೈಲಶ್ರೀ ವಾರದಿಂದ ಒಂದೇ ಮಾತು ಎತ್ತುತ್ತಿದ್ದಳು: ಸೊಲ್ಲಾಪುರದ ಶಾಲೆಯಲ್ಲಿ ಕೆಲಸ ಸಿಕ್ಕಿದೆ, ಹೋಗಲೇ, ಬೇಡವೇ? ಉತ್ತರ ಕೊಡಲು ಇವತ್ತೇ ಕಡೆಯ ದಿನ ಎಂದೂ ಹೇಳಿದ್ದಳು. ಅವಳು ಹಾಗೆ ಕೇಳುವಾಗ ಅವನು ಬೂಟಿನ ಲೇಸು ಕಟ್ಟುತ್ತಿದ್ದ.

ಆಫೀಸಿನಲ್ಲಿ ಮ್ಯಾನೇಜರ್ ಸ್ವಪ್ನಿಲ್ ಕಾಯುತ್ತಿದ್ದ. ಕೋಚಿಂಗ್ ಕ್ಲಾಸಿನ ಜಾಲತಾಣಕ್ಕೆ ಹೊಸ ಬ್ಯಾಚಿನ ಅರ್ಜಿಪುಟ ಹಾಕಿ ಒಂಬತ್ತು ದಿನವಾಗಿತ್ತು. ಒಂದೂ ಅರ್ಜಿ ಬಂದಿಲ್ಲವಂತೆ. ಪುಣೆಯಲ್ಲಿ ಓದುವ ಹುಡುಗರೇ ಮುಗಿದುಹೋದರೇ ಎಂದು ಅವನು ಮರಾಠಿಯಲ್ಲಿ ಕೇಳಿದ. ಜಾಲತಾಣ ನೋಡಿಕೊಳ್ಳುವ ಅಂಬಾದಾಸ ದಿನವೂ ಅದರ ಹಿಂಬದಿಯಲ್ಲಿದ್ದು ಅರ್ಜಿ ತೆಗೆದುಕೊಳ್ಳುವ ಅಪ್ಲಿಕೇಶನ್ ಸರ್ವರಿನ ದಾಖಲೆ ನೋಡಿ, ದೋಷವಿಲ್ಲವೆಂದು ‘ಎಲ್ಲ ಸರಿ’ ಎಂದು ಬರೆದು ಕಳಿಸುತ್ತಿದ್ದ.

ಬಂದವರನ್ನು ಮೊದಲು ಎದುರುಗೊಳ್ಳುವ ಮುಂಬದಿಯ ವೆಬ್ ಸರ್ವರಿನ ದಾಖಲೆಯನ್ನು ಇವತ್ತು ತೆರೆದ. ಚಿತ್ರ, ವೇಳಾಪಟ್ಟಿಗಳನ್ನು ಅದು ತಾನೇ ಕೊಡುತ್ತದೆ. ಯೋಚಿಸಿ ಉತ್ತರಿಸಬೇಕಾದ್ದನ್ನು ಅದಕ್ಕೆ ಜೋಡಿಸಿದ ಪ್ಲಗ್-ಇನ್ ಎಂಬ ಸಣ್ಣ ತಂತ್ರಾಂಶ ಹಿಂಬದಿಯ ಸರ್ವರಿಗೆ ದಾಟಿಸುತ್ತದೆ. ಏನೇನು ದಾಟಿಸಬೇಕೆಂಬ ಪಟ್ಟಿ ಪ್ಲಗ್-ಇನ್ನಿಗೆ ಬರೆದುಕೊಡಬೇಕು. ಅರ್ಜಿಪುಟದ ವಿಳಾಸ ಬರೆಯಲು ಅಂಬಾದಾಸ ಮರೆತಿದ್ದ. ನಾಲ್ಕು ಸಾವಿರ ಸಲ ಯಾರೋ ಬಂದು ಕೇಳಿದ್ದರು. ಅಂಥ ಪುಟವಿಲ್ಲ ಎಂದು ಮುಂಬದಿಯ ಸರ್ವರೇ ಹೇಳಿ ಕಳಿಸಿತ್ತು. ಏನೂ ಒಳಗೆ ಬಾರದ್ದರಿಂದಲೇ ಒಳಗೆ ಎಲ್ಲ ಸರಿಯಿತ್ತು.

ಪಟ್ಟಿಗೆ ಒಂದು ಸಾಲು ಸೇರಿಸಿದ. ಅರ್ಜಿಗಳು ಬರತೊಡಗಿದವು. ಸ್ವಪ್ನಿಲ್ ಬೈಯಲೂ ಇಲ್ಲ, ಚಹಾ ತರಿಸಿದ. ಚಹಾ ಕುಡಿಯುವಾಗ ಅಂಬಾದಾಸನಿಗೆ ಬೆಳಗಿನ ‘ಹೂಂ’ ನೆನಪಾಯಿತು. ಫೋನು ಮಾಡಿದ. ಅವಳು ಎತ್ತಲಿಲ್ಲ.

ಸಂಜೆ ಮನೆಗೆ ಬಂದಾಗ ಶೈಲಶ್ರೀ ಕೋಣೆಯಲ್ಲಿ ಮಂಚದ ಮೇಲೆ ಸೀರೆಗಳನ್ನು ಮಡಚಿಡುತ್ತಿದ್ದಳು.

“ಮುಂಜಾನಿ ನೀವು ಹೂಂ ಅಂದ್ರಿ. ಬರ್ತೀನಿ ಅಂತ ತಿಳಿಸಿಬಿಟ್ಟೆ. ಸೋಮವಾರ ಹೋಗಬೇಕ್ರಿ.”

“ಛಲೋ ಆತು” ಎಂದಿತು ಅವನ ಬಾಯಿ, ತಾನಾಗಿಯೇ.

ಅವಳ ಕೈ ನಿಂತಿತು. “ಬ್ಯಾಡ ಅಂತೀರೇನೋ ಅಂತ ಒಂದ್ ವಾರ ಕಾದೆ” ಎಂದಳು. ಮೆಲ್ಲಗೆ ಕೋಣೆಯ ಬಾಗಿಲು ಮುಚ್ಚಿಕೊಂಡಳು.

ದುಃಖವಾಗಬೇಕಿತ್ತು. ಅಂಬಾದಾಸ ನಡುಮನೆಯಲ್ಲಿ ನಿಂತು ತನ್ನೊಳಗೆ ಹುಡುಕಿದ. ಏನೂ ಇರಲಿಲ್ಲ, ಎಲ್ಲ ಸರಿಯಿತ್ತು. ಅವನಿಗೆ ಹೆದರಿಕೆಯಾಯಿತು.

ಕರೆಗಂಟೆ ಸದ್ದಾಯಿತು. ಇಸ್ತ್ರಿಯವನಿರಬೇಕು. ಮತ್ತೊಮ್ಮೆ ಸದ್ದಾಯಿತು. ಬಾಗಿಲಿಗೆ ಎರಡೇ ಹೆಜ್ಜೆ ದೂರದಲ್ಲಿದ್ದ ಅಂಬಾದಾಸ, ಒಳಗಿನಿಂದ ಯಾರಾದರೂ ಬಂದು ತೆರೆದಾರೆಂದು ಕಾಯುತ್ತ ನಿಂತ.