ಗದ್ದದ ಕೆಳಗಿನ ಗೆರೆ

ಇಂದ್ರಮ್ಮ ಗಂಡನ ಹಣೆಗೆ ರೂಪಾಯಿ ಒತ್ತುತ್ತಿದ್ದಂತೆ ಅದು ಟಕ್ಕೆಂದು ಮಡಿಸಿಕೊಂಡಿತು.

"ಅಯ್ಯೋ ಶಿವನೇ, ಕಾಸು ಮುರೀತು!" ಬೆರಳು ಸುಟ್ಟವಳಂತೆ ಕೈ ಹಿಂದಕ್ಕೆಳೆದಳು.

ಹಣೆಗೆ ಬೆಳ್ಳಿ ಕಾಸು ಅಂಟಿಸಬೇಕೆಂದು ಸತ್ತವನ ಅಣ್ಣ ದೊಡ್ಡಹನುಮಯ್ಯ ಹೇಳಿದ್ದರು. ಮಗ ಅಪ್ಪನ ಅಂಗಿಯ ಜೇಬು ತಡಕಿ, ರಾಜನ ಮುಖವಿದ್ದ ಹಳೆಯ ರೂಪಾಯಿಯೊಂದನ್ನು ತಂದುಕೊಟ್ಟಿದ್ದ.

"ಮುರಿದ ಕಾಸು ಆಗಾಕಿಲ್ಲ. ಬೇರೆ ತನ್ನಿ," ಎಂದರು ದೊಡ್ಡಹನುಮಯ್ಯ. ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ಕತ್ತು ಚಾಚಿದರು.

ಬಾಗಿಲ ಬಳಿ ನಿಂತಿದ್ದ ಚಕ್ರಪಾಣಿ ಮೇಷ್ಟ್ರು, ಸತ್ತವನ ಹಳೆಯ ಗೆಳೆಯ, ಮುಂದೆ ಬಂದರು. "ಮುರೀಲಿಲ್ಲ ಇಂದ್ರಮ್ಮ. ಅದು ಮಡಿಸೋ ಕಾಸು. ಜಾದೂದು. ನಿನ್ನೆ ನಮ್ಮನೇಲಿ ನೋಡ್ತಾ ಕೂತಿದ್ದ. ಮರೆತು ಜೇಬಿಗೆ ಹಾಕ್ಕೊಂಡು ಬಂದಿದಾನೆ."

ಇಂದ್ರಮ್ಮ ಗಂಡನ ಮುಖ ನೋಡಿದಳು. "ಕಡೆಗೂ ಒಳಕ್ಕೆ ತಂದ್ಬಿಟ್ರಾ?"

*

ಇಂದ್ರಮ್ಮನ ಗಂಡ ಅಂಜಿನಯ್ಯ ಗಿರಣಿಯಲ್ಲಿ ಕೆಲಸಕ್ಕಿದ್ದವನು. ತೀರಿಹೋದ ಜಾದೂಗಾರರ ಮನೆಗಳನ್ನು ಹುಡುಕಿಕೊಂಡು ಹೋಗಿ, ಮುಷ್ಟಿಯೊಳಗೆ ಅಡಗುವಂಥ ಕೈಕೆಲಸದ ಸಾಮಾನು ಬೇಡಿ ತರುತ್ತಿದ್ದ. ಎರಡು ತಳದ ಬಟ್ಟಲು, ಟೊಳ್ಳು ಗೋಲಿ, ಕಳ್ಳ ಮುಚ್ಚಳದ ಡಬ್ಬಿ. ಆಟ ಆಡಲು ಅವನಿಗೆ ಬರುತ್ತಿರಲಿಲ್ಲ. ಅರದಿಂದ ಉಜ್ಜಿದ ಗುರುತು ನೋಡಿ, ಇದು ಯಾರ ಕೈ ಎಂದು ಕಂಡುಹಿಡಿಯಬೇಕು, ಅಷ್ಟೇ ಅವನ ಆಸೆ.

ಮೊದಲ ಡಬ್ಬಿ ತಂದ ದಿನವೇ ಇಂದ್ರಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. "ಸತ್ತೋರ ಮನೆ ಸಾಮಾನು ಹೊಸಿಲು ದಾಟಂಗಿಲ್ಲ." ಅವನು ಸೈಕಲ್ ತಿರುಗಿಸಿದ. ಅಂದಿನಿಂದ ಎಲ್ಲವೂ ಬಸವೇಶ್ವರನಗರದ ಮೇಷ್ಟ್ರ ಮನೆ ಸೇರಿದವು. ಹದಿನಾಲ್ಕು ವರ್ಷ, ಭಾನುವಾರ ಬಂತೆಂದರೆ ಕುರುಬರಹಳ್ಳಿಯಿಂದ ಅಲ್ಲಿಗೆ ಸವಾರಿ.

ಒಂದೊಂದಾಗಿ ಎಲ್ಲದಕ್ಕೂ ಹೆಸರು ಸಿಕ್ಕಿತು. ಈ ರೂಪಾಯಿಗೆ ಮಾತ್ರ ಇಲ್ಲ. ಇಂಥ ನಾಣ್ಯಕ್ಕೆ ಕೀಲು ಸರಿಯಾಗಿ ನಡುವೆ ಇರಬೇಕು. ಆಗಲೇ ಅದು ಅರ್ಧಕ್ಕೆ ಮಡಿಸಿಕೊಂಡು ಸೀಸೆಯ ಕಿರಿದಾದ ಬಾಯಲ್ಲಿ ಇಳಿಯುವುದು. ಇದರ ಕೀಲು ಮಾತ್ರ ಕೆಳಕ್ಕೆ, ರಾಜನ ಗದ್ದದ ಅಡಿಗೆ ಸರಿದಿತ್ತು.

"ಯಾರೋ ಕಲಿಯೋನು ಲೆಕ್ಕ ತಪ್ಪಿದಾನೆ ಕಣೋ," ಎನ್ನುತ್ತಿದ್ದರು ಮೇಷ್ಟ್ರು.

"ಇಷ್ಟು ಸಣ್ಣ ಕೀಲು ಮಾಡೋನು ಲೆಕ್ಕ ತಪ್ತಾನಾ ಮೇಷ್ಟ್ರೇ? ಬೇಕಂತಲೇ ಮಾಡವ್ನೆ. ಯಾಕೆ ಅಂತ ಗೊತ್ತಾದ್ರೆ ಸಾಕು, ನಾನು ನೆಮ್ಮದಿಯಾಗಿ ಸಾಯ್ತೀನಿ."

ನಿನ್ನೆ ಕೂಡ ಅದನ್ನೇ ಹೇಳಿದ್ದ.

*

"ಯಾಕೆ ಅಂತ ಗೊತ್ತಾಗ್ದಲೇ ಹೋದ," ಎಂದು ಮೇಷ್ಟ್ರು ಕಣ್ಣೊರೆಸಿಕೊಂಡರು.

ಹಿಂದಿನ ಪೋರ್ಷನ್ನಿನ ಬಾಡಿಗೆಯ ರಾಮಕ್ಕ ಅರಿಸಿನದ ನೀರು ಹಿಡಿದು ನಿಂತಿದ್ದಳು. ಚೊಂಬು ಕೆಳಗಿಟ್ಟು, ಸೆರಗಿಗೆ ಕೈಯೊರೆಸಿ, ಕಾಸು ಎತ್ತಿಕೊಂಡಳು. ಬಿಚ್ಚಿದಳು, ಮಡಿಸಿದಳು.

"ಇದು ನಮ್ಮಪ್ಪನ ಕೆಲಸ."

"ಯಾರಮ್ಮಾ ನಿಮ್ಮಪ್ಪ?" ಮೇಷ್ಟ್ರು ಅವಳ ಹತ್ತಿರಕ್ಕೆ ಬಂದರು.

"ಚಿಕ್ಕಮುನಿಯಪ್ಪ ಅಂತ. ಬೀಗ ರಿಪೇರಿ ಮಾಡ್ತಿದ್ದ. ಜಾದೂನೋರು ಬಂದು ಇಂಥವು ಮಾಡಿಸ್ಕೊಂಡು ಹೋಗೋರು. ನೋಡಿ, ಮುಖ ಕುಯ್ದಿಲ್ಲ. ರಾಜ ಆಗ್ಲಿ ಕಳ್ಳ ಆಗ್ಲಿ, ಮುಖ ದೇವ್ರು ಕೊಟ್ಟಿದ್ದು, ಅದಕ್ಕೆ ಗರಗಸ ಇಕ್ಕಲ್ಲ ಅನ್ನೋನು. ಸೀಸೇಲಿ ಇಳಿಯಲ್ಲ ಕಣಯ್ಯಾ ಅಂತ ಅವ್ರು ಜಗಳ ಆಡೋರು. ದೊಡ್ಡ ಬಾಯಿ ಸೀಸೆ ತಗೊಳ್ರಯ್ಯಾ, ಅಂತ ಇವ್ನು."

ಯಾರೋ ನಕ್ಕುಬಿಟ್ಟು, ಸಾವಿನ ಮನೆಯೆಂದು ನೆನಪಾಗಿ ಬಾಯಿ ಮುಚ್ಚಿಕೊಂಡರು.

"ಅಂಜಿನಯ್ಯಂಗೆ ಯಾಕಮ್ಮ ಹೇಳ್ಲಿಲ್ಲ?"

"ತೋರಿಸಿದ್ರೆ ತಾನೆ ಸಾರ್? ಆರು ವರ್ಷದಿಂದ ಇದೀನಿ. ನೀರು ಬಂತಾ ರಾಮಕ್ಕಾ ಅನ್ನೋರು, ಅಷ್ಟೇ."

ಇಂದ್ರಮ್ಮ ಹೊಸಿಲಿನ ಕಡೆಗೊಮ್ಮೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಕಾಸನ್ನು ರಾಮಕ್ಕನ ಅಂಗೈಯಲ್ಲೇ ಬಿಟ್ಟು ಬೆರಳು ಮುಚ್ಚಿಸಿದಳು. ಹಣೆಗೆ ಬೇರೆ ಕಾಸು ಬಂತು.

ಬೀದಿಯ ಕೊನೆಯಲ್ಲಿ ಚಟ್ಟ ಇಳಿಸಿದರು. ಜೀವವೇನಾದರೂ ಉಳಿದಿದ್ದರೆ ಓಗೊಡಲೆಂದು ಕಿವಿಯಲ್ಲಿ ಮೂರು ಸಲ ಕೂಗುವುದು ಅವರ ಪದ್ಧತಿ. ಹೆಂಗಸರು ಬರುವುದು ಅಲ್ಲಿಯವರೆಗೆ ಮಾತ್ರ. ಮಗ ಬಗ್ಗಿ "ಅಪ್ಪಾ" ಎಂದ. ಮತ್ತೊಮ್ಮೆ "ಅಪ್ಪಾ" ಎಂದ. ಮೂರನೆಯ ಸಲಕ್ಕೆ ಇಂದ್ರಮ್ಮ ಅವನ ಭುಜ ಹಿಡಿದು ಸರಿಸಿದಳು.

"ಹೆಂಗಸರು ಕೂಗಂಗಿಲ್ಲ ಕಣಮ್ಮ," ಎಂದರು ದೊಡ್ಡಹನುಮಯ್ಯ.

"ಕೂಗಕ್ಕಲ್ಲ ಭಾವ. ಒಂದು ಮಾತು ಹೇಳೋದೈತೆ."

ಮಣ್ಣಿನಲ್ಲಿ ಮಂಡಿಯೂರಿ, ಕಿವಿಗೆ ಬಾಯಿ ತಾಗುವಷ್ಟು ಬಾಗಿದಳು.

"ಚಿಕ್ಕಮುನಿಯಪ್ಪ ಅಂತೆ ಕಣ್ರೀ. ನಮ್ಮ ರಾಮಕ್ಕನ ಅಪ್ಪ. ನೀವು ಹೇಳ್ದಂಗೇ, ಬೇಕಂತಲೇ ಮಾಡಿದ್ದಂತೆ."

ಅವಳ ಉಸಿರಿಗೆ ಅವನ ಕೆನ್ನೆಯ ಪಕ್ಕದ ಸೇವಂತಿಗೆಯ ಎಸಳೊಂದು ಅಲುಗಿತು. ಹೆಗಲು ಕೊಡಲು ಬಗ್ಗಿದ್ದ ನಾಲ್ವರೂ ಹಾಗೇ ತಡೆದು ನಿಂತು, ಆ ಎಸಳನ್ನೇ ನೋಡಿದರು.