ಗೆಡ್ಡೆ ರಾಕ್ಷಸನ ಸಾಂಬಾರು

ಮುನ್ನೂರು ಸೈನಿಕರಿಗೆ ಒಂದೇ ಒಲೆ. ಅದೂ ಹಿಮ ಬೀಳುವ ಊರಿನಲ್ಲಿ, ಕೋಟೆಯ ಬುರುಜಿನ ಮೇಲೆ.

"ಇದು ಆಗುದಲ್ಲ," ಎಂದರು ಗೌರೀಶಂಕರ ಭಟ್ರು, ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು. "ಮೂರು ಒಲೆ ಬೇಕು. ಅನ್ನಕ್ಕೇ ಎರಡು. ಮತ್ತೆ ಇಷ್ಟು ಕಟ್ಟಿಗೆಯನ್ನು ಮೇಲೆ ಹೊತ್ತದ್ದು ಯಾರು?"

"ಇದು ಕಥೆ ಅಪ್ಪಾ."

"ಕಥೆಯಲ್ಲಿ ಸೊಂಟ ನೋಯುದಿಲ್ವಾ?"

ಮಗಳು ಗಾನಶ್ರೀ ತುಟಿ ಕಚ್ಚಿಕೊಂಡು ಇನ್ನೆರಡು ಒಲೆ ಗೀಚಿದಳು. ಪುತ್ತೂರಿನ ದರ್ಬೆಯ ಫ್ಲೆಕ್ಸ್ ಅಂಗಡಿಯಲ್ಲಿ ಮದುವೆ, ಉಪನಯನ, ಗೃಹಪ್ರವೇಶಗಳ ಬ್ಯಾನರ್ ಮಾಡುವುದು ಅವಳ ಉದ್ಯೋಗ. ಉಳಿದ ಹೊತ್ತಿನಲ್ಲಿ ಜಪಾನಿನ ಮಾಂಗಾ ಧಾಟಿಯ ಒಂದು ಚಿತ್ರಕಥೆ ಬರೆಯುತ್ತಾಳೆ; ಮೊಬೈಲಿನಲ್ಲಿ ವಾರಕ್ಕೊಂದು ಕಂತು ಬರುತ್ತದೆ. ಯಾವುದೋ ಮಾಯಾಲೋಕ, ಅಲ್ಲಿ ನಡೆದಾಡುವ ಸುವರ್ಣಗೆಡ್ಡೆ ರಾಕ್ಷಸರು, ಅವರನ್ನು ಕಡಿದು ಸಾಂಬಾರು ಮಾಡಿ ಸೈನ್ಯಕ್ಕೆ ಬಡಿಸುವ ಒಬ್ಬ ಮುದುಕ ಅಡುಗೆಯವ. ಗೆಡ್ಡೆಗೆ ಕಾಲು ಬಂದದ್ದನ್ನು ಓದುಗರು ಚಕಾರವೆತ್ತದೆ ನಂಬಿದರು. ಹಿಮದ ಊರಿಗೆ ತೆಂಗಿನಕಾಯಿ ಎಲ್ಲಿಂದ ಬಂತು ಎಂದು ಮಾತ್ರ ಅವಳನ್ನು ಹಿಡಿದು ಜಾಡಿಸಿದರು. ಅಂದಿನಿಂದ, ಗುರುವಾರ ಕಂತು ಕಳುಹಿಸುವ ಮೊದಲು ಹಾಳೆಗಳನ್ನು ಅಪ್ಪನ ಮುಂದೆ ಹರಡುವುದು ರೂಢಿಯಾಗಿಬಿಟ್ಟಿತು.

ಭಟ್ರಿಗೂ ಈ ಕೆಲಸ ಹಿತವಾಗಿತ್ತು. ನಲವತ್ತು ವರ್ಷ ಪುತ್ತೂರು, ಸುಳ್ಯ, ಕಡಬದ ಕಡೆ ಸಮಾರಂಭಗಳಿಗೆ ಅಡುಗೆ ಮಾಡಿದ ದೇಹ. ಮೊಣಕಾಲು ಸವೆದಿತ್ತು, ಬಲಭುಜ ಏಳುತ್ತಿರಲಿಲ್ಲ, ಬೆಂಕಿಯ ಮುಂದೆ ನಿಂತರೆ ಈಗೀಗ ಕಣ್ಣು ಕತ್ತಲಿಡುತ್ತಿತ್ತು. ಕಾಗದದ ಒಲೆಗೆ ಬಿಸಿ ಇಲ್ಲ. ಕುರ್ಚಿಯಲ್ಲಿ ಕೂತು ಬೈದರೆ ಸಾಕು.

"ಗೆಡ್ಡೆ ಹೆಚ್ಚುವಾಗ ಇವನು ಕೈಗೆ ಎಣ್ಣೆ ಹಚ್ಚಿದ್ದಾನಾ? ಮತ್ತೆ ಹುಳಿ ಎಲ್ಲಿ? ಹುಳಿ ಹಾಕದೆ ಬಡಿಸಿದ್ರೆ ಮುನ್ನೂರು ಜನವೂ ಗಂಟಲು ತುರಿಸಿಕೊಂಡೇ ಯುದ್ಧ ಸೋಲ್ತಾರೆ."

ಗಾನಶ್ರೀ ನಕ್ಕಳು. ಭಟ್ರೂ ನಕ್ಕರು. ನಗುವುದಕ್ಕೂ ಒಂದಿಷ್ಟು ಶಕ್ತಿ ಬೇಕಲ್ಲ. ಆ ಮಧ್ಯಾಹ್ನ ಅವರಲ್ಲಿ ಅಷ್ಟೇ ಉಳಿದಿತ್ತು. ಬರುವ ಭಾನುವಾರ ಕಬಕದಲ್ಲಿ ಐನೂರು ಜನರ ಉಪನಯನದೂಟ. ಅದರ ಸಾಮಾನಿನ ಪಟ್ಟಿ ಬರೆಯಲು ಅವರಿಗೆ ಇನ್ನೂ ಮನಸ್ಸು ಬಂದಿರಲಿಲ್ಲ.

ಕಾರಣ ಮೊಣಕಾಲಲ್ಲ, ಮೂಗು. ಎಂಟು ತಿಂಗಳ ಹಿಂದೆ ಬಂದ ಜ್ವರ ವಾರದಲ್ಲಿ ಬಿಟ್ಟಿತು, ಹೋಗುವಾಗ ಮೂಗನ್ನು ಕೊಂಡುಹೋಯಿತು. ಒಗ್ಗರಣೆಯ ಇಂಗು, ಕಾಯಿಸಿದ ತುಪ್ಪ, ತಳ ಹಿಡಿದ ಪಾಯಸ, ಯಾವುದರ ವಾಸನೆಯೂ ಇಲ್ಲ. ನಾಲಗೆಗೆ ಉಪ್ಪು, ಹುಳಿ, ಸಿಹಿ, ಕಹಿ ಗೊತ್ತಾಗುತ್ತಿತ್ತು, ಅಷ್ಟೇ. ಡಾಕ್ಟರು "ಬರಬಹುದು" ಎಂದಿದ್ದರು. ಹೆಂಡತಿ ಮನೋರಮಾಳಿಗೂ ಭಟ್ರು ಇದನ್ನು ಹೇಳಿರಲಿಲ್ಲ.

ಬೇರೆ ಅಡುಗೆಯವನಾಗಿದ್ದರೆ ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡುತ್ತಿದ್ದ. ಭಟ್ರ ಅಡುಗೆಯಲ್ಲಿ ಅದಿಲ್ಲ. ಮೊದಲು ದೇವರ ಎಲೆಗೆ ನೈವೇದ್ಯ ಹೋಗಬೇಕು, ಅಲ್ಲಿಯವರೆಗೆ ಯಾರ ನಾಲಗೆಯೂ ಮುಟ್ಟುವಂತಿಲ್ಲ. ಕೊಪ್ಪರಿಗೆಯ ಹಬೆಗೆ ಮುಖವೊಡ್ಡಿ, "ಇನ್ನೊಂದು ಹಿಡಿ ಉಪ್ಪು" ಎಂದು ಹೇಳುವುದರಲ್ಲೇ ಅವರು ಹೆಸರು ಮಾಡಿದ್ದು. ಉಪ್ಪಿಗೆ ಎಂತ ವಾಸನೆ ಎಂದು ಕೇಳುವವರು ಕೇಳಲಿ. ನಲವತ್ತು ವರ್ಷ ಒಂದು ಸಲವೂ ಲೆಕ್ಕ ತಪ್ಪಿರಲಿಲ್ಲ. ಜೊತೆಗೆ ದುಡಿಯುವ ಹುಡುಗರಲ್ಲಿ ಯಾರಾದರೂ ಕದ್ದು ರುಚಿ ನೋಡಿದರೆ ಇಡೀ ಪಾತ್ರೆಯನ್ನೇ ಚೆಲ್ಲಿಸಿದ್ದೂ ಉಂಟು.

"ಇದು ಕೊನೆಯ ಹಾಳೆ," ಎಂದಳು ಗಾನಶ್ರೀ. ಕೊಡುವಾಗ ಕೈ ಸ್ವಲ್ಪ ಹಿಂದೆ ಮುಂದೆ ಆಯಿತು.

ಹಾಳೆಯಲ್ಲಿ ಒಂದೇ ಚಿತ್ರ. ಕೋಟೆಯ ಉಗ್ರಾಣ. ಅಕ್ಕಿ ಮೂಟೆಗಳ ಮರೆಯಲ್ಲಿ ಮುದುಕ ಅಡುಗೆಯವ ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದಾನೆ. ಬಲಗೈಯಲ್ಲಿ ಸೌಟು. ಎಡ ಅಂಗೈಯನ್ನು ಬಾಯಿಗೆ ಒತ್ತಿಕೊಂಡಿದ್ದಾನೆ.

"ಇದು ಸುಳ್ಳು," ಎಂದರು ಭಟ್ರು. ಧ್ವನಿ ತಾವೆಣಿಸಿದ್ದಕ್ಕಿಂತ ಜೋರಾಗಿ ಬಂತು. "ಅಡುಗೆ ಗೊತ್ತಿದ್ದವ ಹೀಗೆ ಮಾಡುದಿಲ್ಲ. ಅಳಿಸು ಇದನ್ನು."

ಗಾನಶ್ರೀ ರಬ್ಬರು ಎತ್ತಿಕೊಳ್ಳಲಿಲ್ಲ.

ಭಟ್ರು ಮತ್ತೊಮ್ಮೆ ಚಿತ್ರ ನೋಡಿದರು. ಮುದುಕನ ಎಡಮೊಣಕೈಯ ಮೇಲೆ ಒಂದು ಸುಟ್ಟ ಕಲೆ, ಹಲಸಿನ ಬೀಜದಷ್ಟು ದೊಡ್ಡದು. ಕಡಬದ ಒಂದು ಮದುವೆಯಲ್ಲಿ ಭಟ್ರ ಕೈಗೆ ಕುದಿಯುವ ಎಣ್ಣೆ ಹಾರಿದ್ದು. ಹೆಗಲ ಮೇಲಿನ ಬೈರಾಸು ಟವೆಲು ಮಡಚಿದ ರೀತಿಯೂ ಅವರದೇ.

"ಎಲ್ಲಿ ನೋಡಿದ್ದು?"

"ದರ್ಬೆಯ ಗೃಹಪ್ರವೇಶದಲ್ಲಿ. ಬ್ಯಾನರ್ ಕೊಡ್ಲಿಕ್ಕೆ ಬಂದಿದ್ದೆ. ನಿಮ್ಮನ್ನು ಹುಡುಕಿಕೊಂಡು ಹಿಂದಿನ ಉಗ್ರಾಣಕ್ಕೆ ಬಂದೆ." ಅವಳು ಪೆನ್ಸಿಲು ಕೆಳಗಿಟ್ಟಳು. "ಕೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ ಅಪ್ಪಾ. ಅದಕ್ಕೇ ಬರೆದದ್ದು. ಬೇಡ ಅಂದ್ರೆ ಹರಿದು ಹಾಕ್ತೇನೆ."

ಭಟ್ರಿಗೆ ನಾಚಿಕೆಯಾಯಿತು. ಸಿಟ್ಟು ಬರಬಹುದೆಂದು ಕಾದರು, ಬರಲಿಲ್ಲ, ಸಿಟ್ಟಿಗೂ ಸುಸ್ತಾಗಿತ್ತು. ಅವತ್ತು ರುಚಿ ನೋಡಿದ ಮೇಲೆ ಕೈ ತೊಳೆದಿದ್ದರು, ಮೂರು ಸಲ ತೊಳೆದಿದ್ದರು. ಆಮೇಲೆ ಅದೇ ಕೊಪ್ಪರಿಗೆಯಿಂದ ದೇವರ ಎಲೆಗೆ ಬಡಿಸಿದ್ದರು. ಆ ದಿನ ಊಟ ಮುಗಿಸಿ ಎದ್ದವರು ಕೈ ಹಿಡಿದು ಹೊಗಳಿದಾಗ ನೆಲ ಬಿರಿಯಬಾರದೇ ಅನಿಸಿತ್ತು.

"ಇವನು ಅದನ್ನು ಬಡಿಸ್ತಾನಾ?" ಎಂದು ಚಿತ್ರಕ್ಕೆ ಬೆರಳಿಟ್ಟು ಕೇಳಿದರು.

"ಗೊತ್ತಿಲ್ಲ. ಮುಂದಿನ ಹಾಳೆ ಬರೀಲಿಲ್ಲ. ಇವನು ಎಂತ ಮಾಡ್ತಾನೆ ಅಂತ ನನಗೆ ಗೊತ್ತಾಗ್ಲಿಲ್ಲ."

ಭಟ್ರು ಹಾಳೆಯನ್ನು ಪಕ್ಕಕ್ಕಿಟ್ಟರು. ಮತ್ತೆ ಮೊಬೈಲು ಎತ್ತಿ ಚಿನ್ಮಯನಿಗೆ ಫೋನು ಮಾಡಿದರು. ಚಿನ್ಮಯ ಹದಿನೈದು ವರ್ಷದಿಂದ ಅವರ ಜೊತೆ ಒಲೆ ಮುಂದೆ ನಿಂತವನು.

"ಭಾನುವಾರ ಕಬಕದ್ದು ನೀನೇ ಮಾಡು ಮಾರಾಯ. ಉಪ್ಪು ನೀನೇ ಹೇಳು."

"ಎಂತಾಯ್ತು ಅಣ್ಣ?"

"ಮೂಗು ಹೋಗಿದೆ ನಂದು. ಎಂಟು ತಿಂಗಳಾಯ್ತು."

ಅಡುಗೆಮನೆಯ ಬಾಗಿಲಿಗೆ ಬಂದಿದ್ದ ಮನೋರಮಾ ಕಾಫಿ ಲೋಟ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟಳು.

"ಹಾಗಾದ್ರೆ ನೀವು ಬರುದೇ ಇಲ್ವಾ?" ಎಂದು ಆ ಕಡೆಯಿಂದ ಚಿನ್ಮಯ ಕೇಳಿದ.

"ಬರ್ತೇನೆ," ಎಂದರು ಭಟ್ರು. "ಊಟಕ್ಕೆ ಬರ್ತೇನೆ."

ಅವರು ಫೋನು ಇಟ್ಟರು. ಮನೋರಮಾ ಲೋಟವನ್ನು ಅವರ ಕೈಗೆ ಕೊಟ್ಟು ಪಕ್ಕದಲ್ಲಿ ಕೂತಳು. ಗಾನಶ್ರೀ ಕಣ್ಣೊರೆಸಿಕೊಂಡು ಹೊಸ ಹಾಳೆ ಎಳೆದುಕೊಂಡಳು. ಸೈನಿಕರ ಉದ್ದನೆಯ ಪಂಕ್ತಿ ಬಂತು. ಸೌಟು ಹಿಡಿದು ಬಡಿಸುವ ಬೇರೊಬ್ಬ ಬಂದ. ಪಂಕ್ತಿಯ ನಡುವೆ ಎಲೆಯ ಮುಂದೆ ಕಾಲು ಮಡಚಲಾರದೆ ಮಡಚಿ ಕೂತ ಮುದುಕ ಬಂದ.

ಭಟ್ರು ಕಾಫಿ ಕುಡಿದರು. ಬಿಸಿ ಇತ್ತು, ಸಿಹಿ ಇತ್ತು, ಮತ್ತೇನೂ ಇರಲಿಲ್ಲ.

"ಬಾಳೆಲೆ ತಿರುಗಿದೆ," ಎಂದರು ಮಗಳಿಗೆ. "ತುದಿ ಅವನ ಎಡಗಡೆ ಬರ್ಬೇಕು."